ಅಂಕಿಯ ತವರು

ಉಪಕರಣಗಳು "ಗೊತ್ತಿಲ್ಲ" ಅನ್ನುವುದನ್ನು ಮರೆತು ಹದಿನೈದು ವರ್ಷವಾಗಿತ್ತು. ತಾವಾಗಿ ಮರೆತದ್ದಲ್ಲ, ನಾವೇ ಮರೆಸಿದ್ದು. ಒಂದು ಕಾಲಕ್ಕೆ ಮಳೆಮಾಪಕದ ಮೇಲೆ ಕಾಗೆ ಗೂಡು ಕಟ್ಟಿದರೆ, ಹೊಳೆಯೊಳಗಿನ ಕಂಬದ ಬ್ಯಾಟರಿ ಸತ್ತರೆ, ಪರದೆಯ ಮೇಲಿನ ಗೆರೆ ಅಲ್ಲಿಗೇ ತುಂಡಾಗುತ್ತಿತ್ತು. ತುಂಡಾದ ಗೆರೆ ನೋಡಿ ಮೇಲಿನವರು ಕೆಳಗಿನವರಿಗೆ ಬೈಯುತ್ತಿದ್ದರು. ಬೈಸಿಕೊಂಡು ಸಾಕಾದ ಯಾರೋ ಜಾಣರು "ನೇಯ್ಗೆ" ಎಂಬ ವ್ಯವಸ್ಥೆ ಕಟ್ಟಿದರು. ಒಂದು ಉಪಕರಣ ಸತ್ತರೆ ಅದರ ನೆರೆಹೊರೆಯನ್ನು ಕೇಳಿ, ಅದು ಬದುಕಿದ್ದರೆ ಏನು ಹೇಳುತ್ತಿತ್ತೋ ಅದನ್ನು ಲೆಕ್ಕ ಹಾಕಿ, ತೂತು ಕಾಣದಂತೆ ಗೆರೆ ಎಳೆಯುವುದು ನೇಯ್ಗೆಯ ಕೆಲಸ. ಗೆರೆ ತುಂಡಾಗುವುದು ನಿಂತಿತು. ಬೈಗುಳವೂ ನಿಂತಿತು. ಆಮೇಲೆ ಆ ಅಂಕಿಗಳನ್ನು ಓದಿ ಹೇಳುವುದಕ್ಕೆಂದು ಕಿವಿಯ ಹಿಂದೆ ಹೆಸರುಕಾಳಿನಷ್ಟು ಗುಂಡೊಂದು ಬಂತು. ಎಲುಬಿನ ಮೂಲಕ ಮಾತಾಡುವ ಆ ಗುಂಡಿಗೆ ಕಲ್ಲೊಡ್ಡಿನ ಜನ "ಜೊತಿಗಾರ" ಅಂದರು. ಜೊತಿಗಾರ ಬಂದ ಮೇಲೆ ಕಡತ ಎಲ್ಲಿದೆ, ಅದರೊಳಗೆ ಏನಿದೆ ಎಂದು ತೆರೆದು ನೋಡುವ ಪ್ರಸಂಗ ಯಾರಿಗೂ ಬರಲಿಲ್ಲ. ಎಂಜಿನಿಯರಿಂಗ್ ಮುಗಿಸಿ ಎಂಟೆಕ್ ಸೇರಿದವರಿಗೂ ಬರಲಿಲ್ಲ.

ಹೀಗಾಗಿ ಎಂಟೆಕ್ ಮೊದಲ ವರ್ಷಕ್ಕೆ "ಡಿಜಿಟಲ್ ಸಾಕ್ಷರತೆ" ಎಂಬ ಕಡ್ಡಾಯ ವಿಷಯ ಬಂದಾಗ ಕಲ್ಲೊಡ್ಡಿನ ಎಂಜಿನಿಯರಿಂಗ್ ಕಾಲೇಜಿನ ಜಲವಿಭಾಗದ ತರಗತಿ ಬಿದ್ದು ಬಿದ್ದು ನಕ್ಕಿತು.

"ಅಕ್ಕಾ, ನಮಗ ಮತ್ತ ಓನಾಮ ತಿದ್ದಸ್ತಾರಂತ. ಪಾಟಿ, ಬಳಪ ತಂದೀರೇನ್ರಿ?" ಎಂದ ಶ್ರೇಯಸ್ ಬಳ್ಳೊಳ್ಳಿ. ಇಪ್ಪತ್ತಮೂರರ ಹುಡುಗ, ಬಾಯಿ ಜೋರು.

ಅವನು ಅಕ್ಕಾ ಅಂದದ್ದು ಪ್ರಣತಿ ಕಮ್ಮಾರಳಿಗೆ. ಹದಿನಾಲ್ಕು ಜನರ ಆ ತರಗತಿಯಲ್ಲಿ ಮೂವತ್ತಾರು ದಾಟಿದವಳು, ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದವಳು ಅವಳೊಬ್ಬಳೇ. ಊರಿನ ಹೊಳೆ ಕಾವಲು ಕಚೇರಿಯಲ್ಲಿ ಅವಳು ಸಹಾಯಕ ಎಂಜಿನಿಯರ್. ಕಚೇರಿಯೇ ಓದಿಗೆ ಕಳಿಸಿತ್ತು. ವಾರಕ್ಕೆರಡು ದಿನ ಕಾಲೇಜು, ಉಳಿದ ದಿನ ಕಚೇರಿ, ಎಲ್ಲಾ ದಿನ ಅಡಿಗೆಮನೆ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಹೆಂಗಾದರೂ ಮಾಡಿ ಪಾಸಾಗಬೇಕು.

ಪಾಠಕ್ಕೆ ಬಂದವರು ಗ್ರಂಥಾಲಯದ ಮುಖ್ಯಸ್ಥೆ ಮೆಹಬೂಬಿ ನದಾಫ್ ಮೇಡಂ. ಐವತ್ತೆಂಟರ ಹೆಂಗಸು, ತೆಳ್ಳಗಿನ ಮೈ, ನೂಲಿನ ಸೀರೆ. ಬಂದವರೇ ಬುತ್ತಿಯ ಸ್ಟೀಲ್ ಡಬ್ಬಿ ತೆರೆದು ಮೇಜಿನ ಮೇಲಿಟ್ಟರು.

"ಎಲ್ಲಾರೂ ಜೊತಿಗಾರನ್ನ ಇದರಾಗ ಹಾಕ್ರಿ."

"ಎಷ್ಟೊತ್ತಿಗೆ ವಾಪಸ್ ಕೊಡ್ತೀರಿ ಮೇಡಂ?"

"ಒಂದ್ ತಾಸಿಗೆ. ಅಂಜಬ್ಯಾಡ, ಒಂದ್ ತಾಸಿನಾಗ ಯಾರೂ ಸತ್ತದ್ದಿಲ್ಲ."

ಹದಿನಾಲ್ಕು ಗುಂಡುಗಳು ಟಣಟಣ ಬಿದ್ದವು. ಮೇಡಂ ಕಪ್ಪು ಹಲಗೆಯ ಮೇಲೆ ಒಂದೇ ಅಂಕಿ ಬರೆದರು, 31.4. "ಇದು ಇವತ್ತ ನಮ್ಮೂರಿನ ಬಿಸಿಲು. ಎಲ್ಲಿ ಹುಟ್ಟಿತು ಈ ಅಂಕಿ? ಯಾವ ಉಪಕರಣ? ಅದು ಎಲ್ಲೈತಿ? ಯಾರರೆ ಕಣ್ಣಿಲೆ ಕಂಡೀರೇನು?"

ಎಲ್ಲರ ಕೈ ಕಿವಿಯ ಹಿಂದಕ್ಕೆ ಹೋಯಿತು, ಖಾಲಿ ಚರ್ಮ ಮುಟ್ಟಿ ಮರಳಿತು. ಪ್ರಣತಿಗೂ ಹಾಗೇ ಆಯಿತು. ಹನ್ನೆರಡು ವರ್ಷದಿಂದ ಅಂಕಿಗಳ ನಡುವೆ ಕೂತು ಉಣ್ಣುವವಳು ತಾನು. ಒಂದೇ ಒಂದು ಅಂಕಿಯ ಹುಟ್ಟೂರು ತನಗೆ ಗೊತ್ತಿಲ್ಲವಲ್ಲ ಎಂದು ಮೈ ಬಿಸಿಯಾಯಿತು.

"ನಾಚಬ್ಯಾಡ್ರಿ," ಎಂದರು ಮೇಡಂ. "ನೀವು ದಡ್ಡರಲ್ಲ. ಯಾರೂ ನಿಮ್ಮನ್ನ ಕೇಳಿಲ್ಲ, ಅಷ್ಟ. ಸೊಸಿ ಆಗಿ ಬಂದಾಕಿನ ಮೊದಲು ಏನ್ ಕೇಳ್ತೀವಿ? ತವರು ಯಾವುದವಾ ಅಂತೀವಿ. ಅಂಕಿಗೂ ತವರು ಇರ್ತದ. ತವರು ತಿಳೀಲಾರದ ಅಂಕಿನ ಮನ್ಯಾಗ ಕರಕೊಂಡ್ರ ಮನಿ ಹಾಳಾಗ್ತದ." ಮನೆಗೆಲಸ ಕೊಟ್ಟರು: ದಿನಾ ನೋಡುವ ಒಂದು ಅಂಕಿ ಆರಿಸಿ, ಅದರ ತವರಿನತನಕ ಕಾಲ್ನಡಿಗೆಯಲ್ಲೋ ಬಸ್ಸಿನಲ್ಲೋ ಹೋಗಿ, ಕಂಡು, ಒಂದು ಪುಟ ಕೈಯಿಂದ ಬರೆಯಬೇಕು.

ಪ್ರಣತಿ ಹಗುರವಾದದ್ದನ್ನೇ ಆರಿಸಿಕೊಂಡಳು. ಅವಳ ಕಚೇರಿಯ ಪರದೆಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವ ಅಂಕಿ, ಕರಿಹೊಳೆಯ ಏಳನೆಯ ಮಾಪಕದ ನೀರಿನ ಮಟ್ಟ. ಅದು ಆರೂವರೆ ಮೀಟರ್ ಮುಟ್ಟಿದರೆ ಊರಿನ ಸೈರನ್ ಕೂಗಬೇಕು. ಕೂಗಿದ ಎರಡೂವರೆ ತಾಸಿಗೆ ನೀರು ಊರಿಗೆ ಬರುತ್ತದೆ. ಹೊಳೆದಂಡೆಯ ಕುಂಬಾರ ಓಣಿ, ಕಮ್ಮಾರ ಓಣಿ ಸೇರಿ ಮುನ್ನೂರು ಮನೆ ಆ ಒಂದು ಅಂಕಿಯನ್ನು ನಂಬಿ ಮಲಗುತ್ತಿದ್ದವು. ಅದರಲ್ಲಿ ಪ್ರಣತಿಯ ಮನೆಯೂ ಒಂದು. ಮಗಳು ಧೃತಿಯ ಶಾಲೆ ಓಣಿಯ ಕೊನೆಗೆ, ಹೊಳೆಯ ಮಗ್ಗುಲಿಗೇ ಇತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಕಾಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಂಕಿ ನೋಡಾಕ ಹದಿನೆಂಟ್ ಕಿಲೋಮೀಟರ್ ಹೊಂಟಿಯಾ? ನಿನ್ನ ತವರಿಗೆ ಹೋಗಿ ಎಷ್ಟ್ ವರ್ಷ ಆತು, ಅದು ನೆನಪೈತೇನು?"

"ಅತ್ತೀ, ಇದು ಪರೀಕ್ಷಾದ ಕೆಲಸ."

"ನಿಮ್ಮ ಮೇಡಂಗ ಮಾಡಾಕ ಕೆಲಸ ಇಲ್ಲ, ನಿನಗ ಬ್ಯಾಡ ಅನ್ನಾಕ ಬಾಯಿಲ್ಲ." ಅಷ್ಟು ಅಂದು, ಬಿಸಿ ರೊಟ್ಟಿಯನ್ನು ಸೊಸೆಯ ತಾಟಿಗೇ ಹಾಕಿದಳು. ಕಾಳಮ್ಮನ ಬೈಗುಳಕ್ಕೂ ರೊಟ್ಟಿಗೂ ಸಂಬಂಧ ಇರಲಿಲ್ಲ. ಎರಡೂ ಬಿಸಿಯಾಗಿರುತ್ತಿದ್ದವು, ಅಷ್ಟೇ.

ಕಚೇರಿಯಲ್ಲಿ ಪ್ರಣತಿ ಮೊದಲು ಸುಲಭದ ದಾರಿ ಹಿಡಿದಳು. "ಏಳನೇ ಮಾಪಕ ನೆಟ್ಟಗ ಐತೇನು?" ಎಂದು ಜೊತಿಗಾರನನ್ನು ಕೇಳಿದಳು. "ನೆಟ್ಟಗಿದೆ. ಮಟ್ಟ ನಾಲ್ಕು ಮೀಟರ್ ಇಪ್ಪತ್ತು. ಭರವಸೆ ನೂರಕ್ಕೆ ತೊಂಬತ್ತೊಂಬತ್ತು," ಎಂದಿತು ಅದು. ಮೇಲಧಿಕಾರಿ ಜಂಬಗಿ ಸಾಹೇಬರು ಚಹಾ ಕುಡಿಯುತ್ತಾ ನಕ್ಕರು. "ಆತಲ್ರಿ ಕಮ್ಮಾರ ಮೇಡಂ, ತವರು ಸಿಕ್ತು. ಬರೆದು ಕೊಟ್ಟ ಬಿಡ್ರಿ."

ಬರೆದು ಕೊಟ್ಟೇಬಿಡುತ್ತಿದ್ದಳು. ಆದರೆ ರವಿವಾರ ಧೃತಿ "ಅಮ್ಮಾ, ಹೊಳಿ ಕಂಬ ತೋರಸ್ತೀನಂದಿದ್ದಿ" ಎಂದು ಹಟ ಹಿಡಿದಳು. ಗಂಡ ಮೌನೇಶ ವೆಲ್ಡಿಂಗ್ ಅಂಗಡಿಗೆ ಬೀಗ ಹಾಕಿ ಗಾಡಿ ತೆಗೆದ. ಮೂವರೂ ಒಂದೇ ಗಾಡಿಯಲ್ಲಿ ಏಳನೆಯ ಮಾಪಕವಿದ್ದ ಹಳೇ ಸೇತುವೆಗೆ ಹೋದರು.

ಸೇತುವೆಯ ನಡುವಿನ ಕಾಲಿಗೆ ಮಾಪಕವಿರಬೇಕಾದ ಕಡೆ ನಾಲ್ಕು ತುಕ್ಕು ಹಿಡಿದ ಬೋಲ್ಟು ಇದ್ದವು. ಬೇರೇನೂ ಇರಲಿಲ್ಲ.

ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಮುದುಕಿ ತಲೆ ಎತ್ತಿದಳು. "ಕಂಬಾನ? ಸೇತುವಿ ರಿಪೇರಿ ಮಾಡಾಕ ಬಂದವ್ರು ಕಿತ್ತು ದಂಡಿಗೆ ಒಗೆದಿದ್ರು. ಮಳಿಗಾಲದಾಗ ಹರಕೊಂಡು ಹೋತು. ಎರಡ್ ವರ್ಷ ಆತ್ ಬಿಡವಾ."

ಪ್ರಣತಿ ಗುಂಡನ್ನು ಒತ್ತಿದಳು. "ಏಳನೆಯ ಮಾಪಕ, ನಾಲ್ಕು ಮೀಟರ್ ಇಪ್ಪತ್ತೆರಡು," ಎಂದಿತು ಜೊತಿಗಾರ, ಎಂದಿನ ಮೆತ್ತಗಿನ ದನಿಯಲ್ಲಿ. "ನೆರಿ ಮಾಪಕಾನ ಕೇಳಿ ಹೇಳಾಕತ್ತಿರಬೇಕು," ಎಂದಳು ಅವಳು ಗಂಡನಿಗೆ.

"ಇನ್ನೊಂದು ಎಲ್ಲೈತಿ?" ಎಂದ ಮೌನೇಶ. ಅವನಿಗೆ ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ. ಆರನೆಯದು ಇನ್ನೂ ಆರು ಕಿಲೋಮೀಟರ್ ಮೇಲಕ್ಕೆ. ಅಲ್ಲಿ ಕಂಬವೇನೋ ಇತ್ತು. ಆದರೆ ಹೊಳೆ ತನ್ನ ಹಾಸಿಗೆ ಬದಲಿಸಿ ಆಚೆ ದಂಡೆಗೆ ಸರಿದು ಹೋಗಿತ್ತು. ಕಂಬ ಒಣ ಉಸುಕಿನಲ್ಲಿ, ಮುಳ್ಳುಕಂಟಿಯ ನಡುವೆ ನಿಂತಿತ್ತು. ಅದರ ಬ್ಯಾಟರಿ ಪೆಟ್ಟಿಗೆಯೊಳಗೆ ಕೆಂಪಿರುವೆ ಸಂಸಾರ ಹೂಡಿತ್ತು. ಧೃತಿ ಇರುವೆ ನೋಡಿ ಕುಣಿದಳು. ಪ್ರಣತಿ ಬಂಡೆಯ ಮೇಲೆ ಕೂತುಬಿಟ್ಟಳು.

ಬುಧವಾರ ನದಾಫ್ ಮೇಡಂ ಪ್ರಯೋಗಾಲಯದ ಹಳೆಯ ಪರದೆಯ ಮುಂದೆ ಇಡೀ ತರಗತಿಯನ್ನು ಕೂರಿಸಿದರು. ನೇಯ್ಗೆಯ ಮೂಲ ಕಡತ ಎಲ್ಲಿರುತ್ತದೆ, ಅದನ್ನು ತೆರೆಯುವುದು ಹೇಗೆ, ಮುಚ್ಚಿಟ್ಟ ಕಾಲಂಗಳನ್ನು ಬಿಚ್ಚುವುದು ಹೇಗೆ ಎಂದು ಒಂದೊಂದೇ ತೋರಿಸಿದರು. ಹದಿನಾಲ್ಕು ಎಂಜಿನಿಯರುಗಳು ಒಂದು ಅಂಕಿಯನ್ನು ಅದರ ಅಲಂಕಾರವಿಲ್ಲದೆ ನೋಡಿದ್ದು ಅದೇ ಮೊದಲು. ಪ್ರತಿ ಅಂಕಿಯ ಪಕ್ಕ "ಮೂಲ" ಎಂಬ ಕಾಲಂ ಇತ್ತು. ಅಳೆದದ್ದಾದರೆ ಅಲ್ಲಿ "ಸ್ವಂತ" ಎಂದಿರಬೇಕು.

"ಓದು ಪ್ರಣತಿ. ಏಳನೆಯದು."

"ಆರರಿಂದ, ಆರರಿಂದ, ಆರರಿಂದ…"

"ಶ್ರೇಯಸ್, ನೀ ಆರನೆಯದು ಓದು."

ಶ್ರೇಯಸ್ ಬಾಯಿ ತೆರೆದ, ದನಿ ಸಣ್ಣದಾಯಿತು. "ಏಳರಿಂದ ಅಂತೈತಿ ಮೇಡಂ. ಎಲ್ಲಾನೂ ಏಳರಿಂದ."

ಇಪ್ಪತ್ತಾರು ತಿಂಗಳು. ಸತ್ತ ಎರಡು ಮಾಪಕಗಳು ಒಂದನ್ನೊಂದು ಕೇಳಿಕೊಂಡು, ಋತುಮಾನದ ಸರಾಸರಿಯ ಸುತ್ತ ಒಂದಿಷ್ಟು ಏರಿ ಒಂದಿಷ್ಟು ಇಳಿದು, ಊರನ್ನು ಮಲಗಿಸಿದ್ದವು. ಎರಡೂ ಹೇಳುವುದು ಒಂದೇ ಆದ್ದರಿಂದ ಭರವಸೆ ತೊಂಬತ್ತೊಂಬತ್ತು. ಎರಡು ವರ್ಷ ಮಳೆ ಹದವಾಗಿ ಬಂದದ್ದು ಊರಿನ ಪುಣ್ಯ.

"ಓಣ್ಯಾಗ ಹಿಂಗ ಅಕ್ಕೈತಿ," ಎಂದರು ಮೇಡಂ. "ಇಕಿ ಅಂತಾಳ, ಅಕಿ ಹೇಳಿದ್ಲು. ಅಕಿ ಅಂತಾಳ, ಇಕಿ ಹೇಳಿದ್ಲು. ನಡುವ ಒಬ್ಬಾಕಿ ಮದುವಿ ಮುರದಿರ್ತದ." ಯಾರೂ ನಗಲಿಲ್ಲ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನನಗೂ ಇದು ಗೊತ್ತಿರಲಿಲ್ಲವಾ. ನಾನೂ ಇದ ಊರಾಗ ಇರಾಕಿ. ನೀ ಹೋಗಿ ನೋಡಿ ಬಂದಿ, ಉಪಕಾರ ಆತು."

ಉಪಕಾರ ಆಗಿದ್ದು ಯಾರಿಂದ ಯಾರಿಗೆ ಎಂದು ಪ್ರಣತಿ ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದಳು. ಕಣ್ಣು ಕೊಟ್ಟವರೇ ಕಂಡದ್ದಕ್ಕೆ ಕೈಮುಗಿಯುತ್ತಾರಲ್ಲ!

ಆ "ಮೂಲ" ಕಾಲಂ ಬರೆದುಕೊಂಡು ಬಂದ ಕಾಗದ ನೋಡಿ ಜಂಬಗಿ ಸಾಹೇಬರು ಬೆವರಿದರು. ಅವರೇನು ಕೆಟ್ಟವರಲ್ಲ, ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ. "ಹೊಸ ಮಾಪಕಕ್ಕ ಅರ್ಜಿ ಹಾಕ್ತೀನ್ರಿ. ನಲವತ್ತೈದು ದಿನ ಹಿಡಿತೈತಿ. ಅಲ್ಲೀತನಕ ನೇಯ್ಗಿ ಹೇಳಿದ್ದ ಖರೆ. ಸೈರನ್ ಅದರ ಕೈಯಾಗೈತಿ."

"ಸರ್, ನಡು ಮಳಿಗಾಲ ಐತ್ರಿ. ಮನಷಾರು ಕಣ್ಣಿಲೆ ನೋಡಿ ಬರೆದದ್ದು ನಡಿಯಂಗಿಲ್ಲೇನ್ರಿ?"

ಸಾಹೇಬರು ಬೀರುವಿನಿಂದ ಹಳೆಯ ನಿಯಮದ ಪುಸ್ತಕ ಎಳೆದರು. "ನಡಿತೈತಿ. ಕಣ್ಣಾರೆ ಕಂಡ ವರದಿ ಮ್ಯಾಲೆ ಅಧಿಕಾರಿ ಸ್ವಂತ ಜವಾಬ್ದಾರಿಲೆ ಸೈರನ್ ಒತ್ತಬಹುದು, ಅಂತ ಒಂದು ಕಲಂ ಐತಿ. ಇನ್ನತನಕ ಯಾರೂ ಒತ್ತಿಲ್ಲ. ತಪ್ಪಾದ್ರ ನನ್ನ ಪೆನ್ಶನ್ ಹೊಳಿಪಾಲು."

ಅಷ್ಟು ಸಾಕಾಯಿತು, ಇಡೀ ತರಗತಿ ಕೆಲಸಕ್ಕೆ ನಿಂತಿತು. ಮೌನೇಶ ಕಬ್ಬಿಣದ ಪಟ್ಟಿಗೆ ಕೆಂಪು ಬಿಳಿ ಬಣ್ಣ ಬಳಿದು, ಸೆಂಟಿಮೀಟರ್ ಸೆಂಟಿಮೀಟರಿಗೆ ಗುರುತು ಕೊರೆದು, ಸೇತುವೆಯ ಕಾಲಿಗೆ ಬಿಗಿದು ಬಂದ. ಸೊನ್ನೆ ಎಲ್ಲಿಂದ ಹಿಡಿಯಬೇಕು ಎಂಬುದಕ್ಕೇ ತರಗತಿ ಎರಡು ದಿನ ಜಗಳಾಡಿತು. ಹಳೆಯ ನಕ್ಷೆ ಹುಡುಕಿ, ಬಂಡೆಯ ಮೇಲಿನ ಗುರುತು ಹುಡುಕಿ, ಕೊನೆಗೆ ಒಪ್ಪಿತು. ಅರ್ಧ ತಾಸಿಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆದು ಕಚೇರಿಗೆ ಫೋನಿನಲ್ಲಿ ಹೇಳಬೇಕು. ಹಗಲಿಗೆ ಪಾಳಿ ಹಂಚಿಕೊಂಡರು.

ಮೊದಲ ವಾರವೇ ತಪ್ಪಾಯಿತು. ಮೇಡಂ ಪುಸ್ತಕ ತಿರುವುತ್ತಾ ಒಂದು ಕಡೆ ಬೆರಳಿಟ್ಟರು. "ಶ್ರೇಯಸ್, ಸೋಮವಾರ ಹನ್ನೊಂದು ಗಂಟೆ. ನೀ ಅಲ್ಲಿ ಇದ್ದೇನು?"

"…ಚಹಾ ಕುಡಿಯಾಕ ಹೋಗಿದ್ನಿ ಮೇಡಂ. ಆದ್ರ ಹತ್ತೂವರಿಗೆ ಮೂರು ಎಂಬತ್ತಿತ್ತು, ಹನ್ನೊಂದೂವರಿಗೆ ಮೂರು ಎಂಬತ್ನಾಕು. ನಡುವಿಂದು ಮೂರು ಎಂಬತ್ತೆರಡ ಅಲ್ಲೇನ್ರಿ? ಗಣಿತ!"

"ಮಗಾ, ನೇಯ್ಗಿ ಮಾಡಿದ್ದು ಇದನ್ನ."

ಹುಡುಗನ ಮುಖ ಇದ್ದಿಲಾಯಿತು. ಹದಿನಾಲ್ಕು ಜನರಲ್ಲಿ ಇನ್ನೂ ಮೂವರು ತಲೆ ತಗ್ಗಿಸಿದರು. ಅವರೂ ಒಂದೊಂದು ತುಂಬಿದ್ದರು. ತೂತು ಕಂಡರೆ ತುಂಬುವುದೇ ಜಾಣತನ ಎಂದು ಬೆಳೆದ ಮಕ್ಕಳು. ಮೇಡಂ ಬೈಯಲಿಲ್ಲ. ಆ ಅಂಕಿಯ ಮೇಲೆ ಗೀಟು ಹಾಕಿಸಿ, "ನೋಡಲಾರದ್ದನ್ನ ಖಾಲಿ ಬಿಡು. ಯಾಕ ಖಾಲಿ ಅಂತ ಪಕ್ಕಕ್ಕ ಬರಿ. 'ಚಹಾಕ್ಕ ಹೋಗಿದ್ದೆ' ಅಂತ ಬರದ್ರೂ ನಡಿತದ," ಎಂದರು. ಆವತ್ತಿನಿಂದ ಪುಸ್ತಕದಲ್ಲಿ ಖಾಲಿ ಮನೆಗಳು ಕಾಣತೊಡಗಿದವು: ಬಸ್ ತಪ್ಪಿತು, ಜೋರು ಮಳೆ ಕಣ್ಣು ಕಾಣಲಿಲ್ಲ, ನಿದ್ದೆ ಹತ್ತಿತು. ರಾತ್ರಿಯ ಕಾಲಂ ಉದ್ದಕ್ಕೆ ಖಾಲಿ. ಪ್ರಣತಿ ಎಷ್ಟೋ ಸಲ ಆ ಪುಟ ನೋಡಿ ಸಮಾಧಾನಪಟ್ಟಳು. ಅಡಿಗೆ, ಆಫೀಸು, ಓದು, ಮಗಳ ಜಡೆ ಎಲ್ಲದರಲ್ಲೂ ತೂತು ಕಾಣದಂತೆ ತುಂಬಿ ತುಂಬಿ ಸುಸ್ತಾದವಳಿಗೆ, ಆಗಲಿಲ್ಲ ಎಂದು ಬರೆದಿಡಬಹುದಾದ ಒಂದು ಪುಸ್ತಕ ಜಗತ್ತಿನಲ್ಲಿ ಇದೆ ಎಂಬುದೇ ದೊಡ್ಡ ಆಸರೆಯಾಗಿತ್ತು.

ಮೂರನೆಯ ವಾರದ ಗುರುವಾರ ಮೇಲೆ ಘಟ್ಟದಲ್ಲಿ ಮೋಡ ಒಡೆಯಿತು. ಕಲ್ಲೊಡ್ಡಿನಲ್ಲಿ ಮಾತ್ರ ಎಳೆಬಿಸಿಲು. ಸೇತುವೆಯ ಮೇಲೆ ಶ್ರೇಯಸ್‌ನ ಪಾಳಿ, ಕಚೇರಿಯಲ್ಲಿ ಪ್ರಣತಿ.

"ಅಕ್ಕಾ, ಹನ್ನೆರಡಕ್ಕ ಐದು ತೊಂಬತ್ತು." ಪರದೆಯ ಮೇಲೆ ನೇಯ್ಗೆ ನಾಲ್ಕು ಅರವತ್ತು ಅನ್ನುತ್ತಿತ್ತು. "ಹನ್ನೆರಡೂವರಿಗೆ ಆರು ಐದು." ಜಂಬಗಿ ಸಾಹೇಬರು ಊಟದ ಡಬ್ಬಿ ಮುಚ್ಚಿದರು. "ಒಂದಕ್ಕ ಆರು ಇಪ್ಪತ್ತು. ಒಂದೂವರಿಗೆ ಆರು ಮೂವತ್ತೈದು. ನೀರಿನ ಬಣ್ಣ ಬದಲಾಗೈತಿ ಅಕ್ಕಾ, ಕೆಂಪಾಗೈತಿ."

ಎರಡು ಗಂಟೆಗೆ ಫೋನು ಬಂತು. ನೀರಿನ ಮೊರೆತದ ಮೇಲೆ ಹುಡುಗ ಕೂಗುತ್ತಿದ್ದ. "ಅಕ್ಕಾ, ದೊಡ್ಡ ಮರ ಬಂದು ಸೇತುವಿ ಕಾಲಿಗೆ ಅಡ್ಡ ಬಿದ್ದೈತಿ. ಕಸಾ ಎಲ್ಲಾ ಸುತ್ತಿಕೊಂಡೈತಿ. ಪಟ್ಟಿ ಕಾಣವಲ್ದು."

"ಅಂದಾಜು ಎಷ್ಟಿರಬಹುದು?" ಜಂಬಗಿ ಸಾಹೇಬರು ಅವಳ ಹೆಗಲ ಮೇಲಿಂದ ಬಾಗಿ ಕೇಳಿದರು. "ಆರೂವರಿ ಆಗೈತಿ ಅಂತ ಹೇಳಂತ ಹೇಳ್ರಿ. ಒತ್ತಿ ಬಿಡ್ತೀನಿ."

ಸಾಹೇಬರ ಮಾತು ಆಚೆ ಕಡೆಗೂ ಕೇಳಿತು. ಶ್ರೇಯಸ್ ಅಂದ, "ನಾ ಕಂಡಿಲ್ಲ್ರಿ ಸರ್. ಕಾಣಲಾರದ್ದು ಹೆಂಗ ಹೇಳ್ಲಿ? ಖಾಲಿ ಬರಕೋರಿ."

"ನೀ ಮೊದಲು ಸೇತುವಿ ಇಳಿ. ದಿಬ್ಬ ಹತ್ತು. ಈಗ ಹತ್ತು," ಎಂದಳು ಪ್ರಣತಿ. ಅವನು ಓಡುವ ಸದ್ದು ಕೇಳಿದ ಮೇಲೆಯೇ ಫೋನು ಇಟ್ಟಳು.

ಸಾಹೇಬರು ಕುರ್ಚಿಗೆ ಕುಸಿದರು. "ಖಾಲಿ ಕಾಗದ ಹಿಡಕೊಂಡು ಮುನ್ನೂರ್ ಮನಿ ಎಬ್ಬಸಲೇನ್ರಿ? ನೇಯ್ಗಿ ನಾಲ್ಕು ಎಪ್ಪತ್ತು ಅನ್ನಾಕತ್ತೈತಿ. ನಾಳೆ ವಿಚಾರಣಿ ಆದ್ರ ನಾ ಏನ್ ತೋರಿಸ್ಲಿ?"

ಪ್ರಣತಿಗೆ ಮಗಳ ಶಾಲೆಯ ಗೋಡೆ ಕಣ್ಣಿಗೆ ಕಟ್ಟಿತು. ಫೋನಿನ ಅಂಕಿ ಬರೆದಿಟ್ಟ ಪುಸ್ತಕವನ್ನು ಅವರ ಮುಂದೆ ಸರಿಸಿದಳು. "ಇದನ್ನ ತೋರಿಸ್ರಿ ಸರ್. ಈ ಹುಡುಗ ನೀವು ಕೇಳಿದ್ರೂ ಒಂದು ಅಂಕಿ ಕಟ್ಟಿ ಹೇಳಲಿಲ್ಲ. ಹಂಗಾದ್ರ ಒಂದೂವರಿಗೆ ಆರು ಮೂವತ್ತೈದು ಅಂದಿದ್ದು ಖರೇನ ಕಂಡದ್ದು. ಅರ್ಧ ತಾಸಿಗೆ ಹದಿನೈದು ಸೆಂಟಿಮೀಟರ್ ಏರಾಕತ್ತಿತ್ತು. ಈಗ ಎರಡು ಗಂಟೆ. ಆ ನೇಯ್ಗಿ ಇಪ್ಪತ್ತಾರು ತಿಂಗಳದಾಗ ಒಮ್ಮೆನರೆ ಖಾಲಿ ಬಿಟ್ಟೈತೇನ್ರಿ?"

ಜಂಬಗಿ ಸಾಹೇಬರು ಅವಳನ್ನು ನೋಡಿದರು, ಪುಸ್ತಕ ನೋಡಿದರು, ಎದ್ದು ಹೋಗಿ ಗಾಜಿನ ಮುಚ್ಚಳ ಎತ್ತಿ, ಹೆಬ್ಬೆರಳಿಂದ ಗುಂಡಿ ಒತ್ತಿದರು. ಮೊದಲ ಸಲ ಮನುಷ್ಯನ ಕೈಯಿಂದ ಊರಿನ ಸೈರನ್ ಕೂಗಿತು.

ನಾಲ್ಕೂವರೆಗೆ ನೀರು ಬಂತು. ಕುಂಬಾರ ಓಣಿಯಲ್ಲಿ ಕಿಟಕಿಯ ಮಟ್ಟ, ಕಮ್ಮಾರ ಓಣಿಯಲ್ಲಿ ಎದೆಯ ಮಟ್ಟ. ಶಾಲೆಯ ಮಕ್ಕಳು ಮೂರಕ್ಕೇ ದಿಬ್ಬದ ಮೇಲಿನ ಕಾಲೇಜು ಹತ್ತಿದ್ದರು. ಹಸಿ ಗಡಿಗೆಗಳು ಕರಗಿ ಹೋದವು, ಮೌನೇಶನ ಯಂತ್ರ ಕೆಸರುಂಡಿತು, ಒಂದು ಆಡು ಹೋಯಿತು. ಮನುಷ್ಯರು ಒಬ್ಬರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿನ ಹಾಲ್‌ನಲ್ಲಿ ಮುನ್ನೂರು ಮನೆಯ ಸಂಸಾರ ಚಾಪೆ ಹಾಸಿ ಕೂತಿತ್ತು. ಶ್ರೇಯಸ್ ಬಕೆಟ್ ಹಿಡಿದು ಉಪ್ಪಿಟ್ಟು ಬಡಿಸುತ್ತಿದ್ದ. ಕುಂಬಾರ ಓಣಿಯ ಹೆಂಗಸರು ಅವನ ತಲೆ ನೇವರಿಸಿ ನೇವರಿಸಿ ಕೂದಲೆಲ್ಲ ಕೆದರಿತ್ತು. ನದಾಫ್ ಮೇಡಂ ಮೂಲೆಯಲ್ಲಿ ಹಸಿಯಾದ ಶಾಲಾಪುಸ್ತಕಗಳನ್ನು ಹಾಳೆ ಹಾಳೆ ಬಿಡಿಸಿ ಒಣಹಾಕುತ್ತಿದ್ದರು. ಧೃತಿ ಅವರ ಪಕ್ಕದಲ್ಲೇ ಕೂತಿದ್ದಳು.

ಪ್ರಣತಿ ಏನಾದರೂ ಹೇಳಬೇಕೆಂದು ಹತ್ತಿರ ಹೋದಳು. ಅಷ್ಟರಲ್ಲಿ ಹಿಂದಿನಿಂದ ಕಾಳಮ್ಮ ಬಂದಳು. ಕೈಯಲ್ಲಿ ಹೊಸ ಕುಪ್ಪಸದ ಖಣ, ಅದರೊಳಗೆ ಪರಿಹಾರದ ಅಕ್ಕಿಯಲ್ಲಿ ಒಂದು ಬೊಗಸೆ, ಒಂದು ಅರಿಶಿನ ಬೇರು, ಎಲ್ಲಿಂದಲೋ ಬೇಡಿ ತಂದ ಒಣಕೊಬ್ಬರಿ ಬಟ್ಟಲು.

"ಏಳವಾ, ಸೆರಗು ಒಡ್ಡು. ಉಡಿ ತುಂಬ್ತೀನಿ."

ಮೇಡಂ ಗಾಬರಿಯಾದರು. "ನನಗ ಯಾಕ್ರಿ ಅವ್ವಾರ? ನಾ ಗಂಡ ಇಲ್ಲದಾಕಿ. ಮತ್ತ ನಮ್ಮಂದ್ಯಾಗ…"

"ಅದನ್ನೆಲ್ಲ ಯಾರ ಕೇಳಿದ್ರು ನಿನ್ನ? ಈ ಓಣಿ ಹುಡುಗ್ರು ಉಪ್ಪಿಟ್ಟು ಬ್ಯಾಡ ಅಂತ ಅಳಾಕತ್ತಾವು, ಕೇಳು. ಅಳಾಕ ಇದ್ದಾವಲ್ಲ." ಕಾಳಮ್ಮನ ದನಿ ಎಂದಿನಂತೆ ಬಿರುಸಾಗಿತ್ತು, ಕಣ್ಣು ಮಾತ್ರ ತುಂಬಿತ್ತು. "ಅಕ್ಕಿ ನಮ್ಮನಿವಲ್ಲ, ಸರಕಾರದ್ದು. ನಮ್ಮವು ಹೊಳಿಗೆ ಹೋದ್ವು. ನಡಿತೈತಲ್ಲ?"

"ನಡಿತದ," ಎಂದರು ಮೇಡಂ. ಕೈಯ ಕೆಸರನ್ನು ಸೀರೆಗೇ ಒರೆಸಿಕೊಂಡು ಎದ್ದು ನಿಂತು, ಎರಡೂ ಕೈಯಿಂದ ಸೆರಗು ಒಡ್ಡಿದರು.